ಸಾಂಟಾ ಕ್ಲಾರಾ ಬಿಟ್ಟು ಫ್ರೀಮಾಂಟ್‌ಗೆ ಬಂದೆವು, ಕರೆಂಟ್ ಬಿಲ್ ಎರಡು ಪಟ್ಟು ದಾಟಿತು. ಇದು ಹಸಿರು ಕಾನೂನಿನ ಕೆಲಸವಾ?

ಮಲ್ಲಿಗೆ_ಫ್ರೀಮಾಂಟ್

ಎಲ್ಲರಿಗೂ ನಮಸ್ಕಾರ. ಕ್ಯಾಲಿಫೋರ್ನಿಯಾದಲ್ಲಿ ಇರುವವರು, ಅದರಲ್ಲೂ ಕರೆಂಟ್ ಬಿಲ್ಲನ್ನು ಕೊನೆಯ ಪುಟದವರೆಗೆ ಓದುವ ತಾಳ್ಮೆ ಇರುವವರು ಸ್ವಲ್ಪ ಸಹಾಯ ಮಾಡಿ.

ನಾವು ಸಾಂಟಾ ಕ್ಲಾರಾದಲ್ಲಿ ಬಾಡಿಗೆಗೆ ಇದ್ದೆವು. ಈ ಚಳಿಗಾಲದಲ್ಲಿ ಫ್ರೀಮಾಂಟ್‌ನಲ್ಲಿ ಮನೆ ತಗೊಂಡೆವು. ಅಲ್ಲಿ ಬಿಲ್ 75 ಡಾಲರ್ ಆಸುಪಾಸು ಬರುತ್ತಿತ್ತು. ಇಲ್ಲಿ 165 ದಾಟಿದೆ. ಫ್ರಿಜ್ ಅದೇ, ವಾಷಿಂಗ್ ಮೆಷಿನ್ ಅದೇ, ಊರಿಂದ ತಂದ ಗ್ರೈಂಡರ್ ಕೂಡ ಅದೇ. ಎಸಿ ಇನ್ನೂ ಹಾಕಿಲ್ಲ. ಯೂನಿಟ್ ನೋಡಿದರೆ 420ರ ಹತ್ತಿರ, ಹೆಚ್ಚುಕಮ್ಮಿ ಮೊದಲಿನಷ್ಟೇ.

ಬಿಲ್‌ನಲ್ಲಿ ಮಾರ್ಚ್‌ನಿಂದ ಬೇಸ್ ಸರ್ವೀಸಸ್ ಚಾರ್ಜ್ ಅಂತ ಹೊಸ ಸಾಲು ಬಂದಿದೆ. ವೈಲ್ಡ್‌ಫೈರ್ ಫಂಡ್ ಅಂತ ಇನ್ನೊಂದು. ಅದು ಸಾಲದು ಅಂತ ಏವಾ ಅನ್ನುವ ಎರಡನೇ ಕಂಪನಿಯ ಹೆಸರೂ ಇದೆ. ಅವರಿಗೆ ನಾನು ಎಲ್ಲೂ ಸಹಿ ಹಾಕಿಲ್ಲ. ನಮ್ಮ ಯಜಮಾನರು "ಈ ರಾಜ್ಯದವರ ಹಸಿರು ಹುಚ್ಚಿಗೆ ನಾವು ದುಡ್ಡು ಕಟ್ಟುತ್ತಿದ್ದೇವೆ" ಎನ್ನುತ್ತಾರೆ. ಎದುರು ಮನೆಯವರು 2021ರಲ್ಲಿ ಸೋಲಾರ್ ಹಾಕಿಸಿದ್ದಾರೆ, ಅವರಿಗೆ ಬಿಲ್ಲೇ ಇಲ್ಲ ಅನ್ನುವ ಹಾಗಿದೆ. ನಮ್ಮ ಮನೆಗೂ ಸೋಲಾರ್ ಮಾರುವವರು ಬಂದುಹೋದರು. ನಿಜವಾಗಿ ಏನು ನಡೆಯುತ್ತಿದೆ, ಯಾರಾದರೂ ಬಿಡಿಸಿ ಹೇಳುತ್ತೀರಾ?

ಹಳೇ_ಕೆಇಬಿ

ನೋಡಮ್ಮ, ನಾನು ಕೆಇಬಿಗೆ ಸೇರಿ ಕೆಪಿಟಿಸಿಎಲ್‌ನಲ್ಲಿ ರಿಟೈರ್ ಆದವನು. ನಡುವೆ ಕೆಲಸ ಬದಲಾಯಿಸಲಿಲ್ಲ. 1999ರ ವಿದ್ಯುತ್ ಸುಧಾರಣಾ ಕಾಯ್ದೆ ಬಂತು, ಆಫೀಸಿನ ಬೋರ್ಡ್ ಬದಲಾಯಿತು, ಅಷ್ಟೆ. ಈಗ ಯೂನಿಯನ್ ಸಿಟಿಯಲ್ಲಿ ಮಗನ ಮನೆಯಲ್ಲಿ ಇದ್ದೇನೆ. ಮೊಮ್ಮಗ ಸ್ಕೂಲಿಗೆ ಹೋದ ಮೇಲೆ ನನಗೆ ಓದಲು ಸಿಗುವುದು ಅವರ ಕರೆಂಟ್ ಬಿಲ್. ಸೊಸೆ ನಗುತ್ತಾಳೆ, ನಗಲಿ.

ಮೊದಲು ನಿಮ್ಮ ಯಜಮಾನರ ಮಾತು ತಗೊಳ್ಳೋಣ. 2018ರಲ್ಲಿ ಇಲ್ಲಿ ಎಸ್‌ಬಿ 100 ಅಂತ ಕಾನೂನು ಮಾಡಿದರು. 2030ಕ್ಕೆ ಶೇ. 60 ಕರೆಂಟು ಗಾಳಿ, ಬಿಸಿಲಿನಂಥ ಮೂಲದಿಂದ ಬರಬೇಕು, 2045ಕ್ಕೆ ಪೂರ್ತಿ ಶುದ್ಧ ಮೂಲದಿಂದಲೇ ಬರಬೇಕು ಎಂದು. ಈ ಕಾನೂನು ಫ್ರೀಮಾಂಟ್‌ಗೂ ಅನ್ವಯ, ಸಾಂಟಾ ಕ್ಲಾರಾಗೂ ಅನ್ವಯ. ಬಿಲ್ ಏರಿದ್ದು ಹಸಿರು ಕಾನೂನಿಂದಲೇ ಆಗಿದ್ದರೆ ಅಲ್ಲೂ ಏರಬೇಕಿತ್ತು ಅಲ್ವಾ? ಅಲ್ಲಿ ಯೂನಿಟ್ ರೇಟು ಇಲ್ಲಿಯ ಅರ್ಧದ ಆಸುಪಾಸಿನಲ್ಲೇ ಇದೆ.

ವ್ಯತ್ಯಾಸ ಇರುವುದು ತಂತಿಯಲ್ಲಿ. ಸಾಂಟಾ ಕ್ಲಾರಾದ ಕರೆಂಟ್ ಕಂಪನಿ ಊರಿನದೇ. 1896ರಿಂದ ಅವರೇ ನಡೆಸುತ್ತಿದ್ದಾರೆ. ಈಗ ಸಿಲಿಕಾನ್ ವ್ಯಾಲಿ ಪವರ್ ಎಂದು ಹೆಸರು. ಷೇರುದಾರರಿಗೆ ಲಾಭ ಕೊಡಬೇಕಾಗಿಲ್ಲ. ಊರು ಸಪಾಟು, ಚಿಕ್ಕದು. ಕರೆಂಟಿನ ಬಹುಪಾಲು ಡೇಟಾ ಸೆಂಟರ್‌ಗಳೇ ಕೊಳ್ಳುತ್ತವೆ. ಒಂದೇ ಜಾಗದಲ್ಲಿ ದೊಡ್ಡ ಲೋಡು, ಹಗಲೂ ರಾತ್ರಿ ಒಂದೇ ಸಮ. ಕರೆಂಟ್ ಮಾರುವವನಿಗೆ ಇದಕ್ಕಿಂತ ಇನ್ನೇನು ಬೇಕು! ಫ್ರೀಮಾಂಟ್ ಇರುವುದು ಪಿಜಿ ಅಂಡ್ ಇ ಎಂಬ ಖಾಸಗಿ ಕಂಪನಿಯ ವ್ಯಾಪ್ತಿಯಲ್ಲಿ. ಅದರ ಲೈನು ಉತ್ತರದ ಕಾಡು, ಸಿಯೆರಾ ಬೆಟ್ಟ, ಕಣಿವೆ ಎಲ್ಲ ಹಾದು ಹೋಗುತ್ತದೆ. ಬೆಟ್ಟದ ತುದಿಯ ಹತ್ತು ಮನೆಗೆ ಎಳೆದ ಲೈನಿನ ಖರ್ಚೂ ನಿಮ್ಮ ಬಿಲ್‌ನಲ್ಲಿ ಸೇರಿದೆ.

ಆ ಕಾಡಿನ ಕಥೆ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಲೈನಿನಲ್ಲಿ ಕೆಲಸ ಮಾಡಿದವನಿಗೆ ಅದು ಮರೆಯುವಂಥದ್ದಲ್ಲ. 2018ರ ನವೆಂಬರ್ 8ರ ಬೆಳಿಗ್ಗೆ ಫೆದರ್ ನದಿಯ ಕಣಿವೆಯಲ್ಲಿ ಈ ಕಂಪನಿಯ ಒಂದು ಟವರ್‌ನ ಕೊಕ್ಕೆ ತುಂಡಾಯಿತು. ಇಂಗ್ಲಿಷಿನ ಸಿ ಅಕ್ಷರದ ಆಕಾರದ ಕಬ್ಬಿಣದ ಕೊಕ್ಕೆ. ಇನ್ಸುಲೇಟರ್ ಸರವನ್ನು ಟವರ್‌ನ ತೋಳಿಗೆ ತೂಗುಹಾಕುವುದು ಅದೇ. ಆ ಲೈನು 1921ರಲ್ಲಿ ಹಾಕಿದ್ದು. ನಮ್ಮ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ 1902ರಲ್ಲಿ ಎಳೆದ ಲೈನಿಗಿಂತ ಹತ್ತೊಂಬತ್ತು ವರ್ಷ ಚಿಕ್ಕದು. ಗಾಳಿಗೆ ತೂಗಾಡಿ ತೂಗಾಡಿ ಕಬ್ಬಿಣಕ್ಕೆ ಕಬ್ಬಿಣ ಉಜ್ಜಿ ಕೊಕ್ಕೆ ಸವೆದಿತ್ತು. ತುಂಡಾದಾಗ ಜೀವ ಇರುವ ತಂತಿ ಟವರ್‌ಗೆ ತಾಗಿ ಕಿಡಿ ಹಾರಿತು. ಕೆಳಗೆ ಒಣ ಹುಲ್ಲು, ಮೇಲೆ ಜೋರು ಗಾಳಿ. ಪ್ಯಾರಡೈಸ್ ಎಂಬ ಊರೇ ಸುಟ್ಟುಹೋಯಿತು. 85 ಜನ ಸತ್ತರು. ಮಲೆನಾಡಿನಲ್ಲಿ ನಾನು ಇದ್ದಾಗ ಮಳೆಗಾಲಕ್ಕೆ ಮೊದಲು ಕೊಂಬೆ ಕಡಿಸುವುದು, ಹುಡುಗರನ್ನು ಟವರ್ ಹತ್ತಿಸಿ ನೋಡಿಸುವುದು ಇಷ್ಟೇ ದೊಡ್ಡ ಕೆಲಸ. ಸಂಬಳ ಕಡಿಮೆ, ಬೈಗುಳ ಜಾಸ್ತಿ. ಆದರೆ ಕೊಕ್ಕೆ ಕೈಯಲ್ಲಿ ಮುಟ್ಟಿ ನೋಡದೆ ಸವೆತ ಗೊತ್ತಾಗುವುದಿಲ್ಲ. ಕೆಳಗೆ ನಿಂತು ಬೈನಾಕ್ಯುಲರ್ ಹಿಡಿದರೆ ಎಲ್ಲಾ ಕೊಕ್ಕೆಯೂ ಚೆನ್ನಾಗೇ ಕಾಣುತ್ತದೆ.

ಕಂಪನಿ 2019ರ ಜನವರಿಯಲ್ಲಿ ದಿವಾಳಿ ಅರ್ಜಿ ಹಾಕಿತು. ಮರುವರ್ಷ ಕೋರ್ಟಿನಲ್ಲಿ ಆ 85ರಲ್ಲಿ 84 ಸಾವುಗಳ ತಪ್ಪು ಒಪ್ಪಿಕೊಂಡಿತು. ನಡುವೆ 2019ರ ಜುಲೈಯಲ್ಲಿ ರಾಜ್ಯದವರು ಎಬಿ 1054 ಅಂತ ಕಾನೂನು ತಂದರು. ಮುಂದೆ ಕಾಡ್ಗಿಚ್ಚಾದರೆ ಪರಿಹಾರಕ್ಕೆಂದು 21 ಬಿಲಿಯನ್ ಡಾಲರ್ ನಿಧಿ. ಅರ್ಧ ಕಂಪನಿಗಳ ಷೇರುದಾರರಿಂದ, ಅರ್ಧ ಗ್ರಾಹಕರಿಂದ. ನಿಮ್ಮ ಬಿಲ್ಲಿನ ವೈಲ್ಡ್‌ಫೈರ್ ಫಂಡ್ ಸಾಲು ಅದೇ. ಯೂನಿಟ್‌ಗೆ ಅರ್ಧ ಸೆಂಟ್ ಆಸುಪಾಸು, ನಿಮಗೆ ತಿಂಗಳಿಗೆ ಎರಡು ಮೂರು ಡಾಲರ್. ಆ ಸಾಲು ನೋಡಿ ಸಿಟ್ಟಾಗಬೇಡಿ, ದೊಡ್ಡ ದುಡ್ಡು ಅಲ್ಲಿಲ್ಲ. ಮರ ಕಡಿಯುವುದು, ತಂತಿಗೆ ಹೊದಿಕೆ ಹಾಕುವುದು, ಲೈನನ್ನು ನೆಲದೊಳಗೆ ಹೂಳುವುದು, ಇದೆಲ್ಲ ಸೇರಿರುವುದು ಡೆಲಿವರಿ ಎಂಬ ದೊಡ್ಡ ಮೊತ್ತದೊಳಗೆ. ಹೂಳುವುದಕ್ಕೆ ಮೈಲಿಗೆ 3 ಮಿಲಿಯನ್ ಡಾಲರ್ ಆಸುಪಾಸು ಬೀಳುತ್ತದೆ.

ಇನ್ನೊಂದು ತಮಾಷೆ. ಈ ವೈಲ್ಡ್‌ಫೈರ್ ಸಾಲು ಪೂರ್ತಿ ಹೊಸದಲ್ಲ. 1996ರ ಕಾನೂನಿನಲ್ಲಿ ಕರೆಂಟ್ ಮಾರುಕಟ್ಟೆ ತೆರೆದರು. 2000-01ರಲ್ಲಿ ಅದು ಕೈಕೊಟ್ಟಿತು. ರಾಜ್ಯವೇ ದುಬಾರಿ ಕರೆಂಟ್ ಕೊಂಡು ಸಾಲ ಮಾಡಿತು. ಆ ಸಾಲಕ್ಕೆಂದು ಬಿಲ್ಲಿಗೆ ಹಾಕಿದ ಚಾರ್ಜು 2020ರಲ್ಲಿ ಮುಗಿಯಬೇಕಿತ್ತು. ಮುಗಿಯುವ ಹೊತ್ತಿಗೆ ಅದಕ್ಕೇ ಹೊಸ ಹೆಸರಿಟ್ಟು ಮುಂದುವರಿಸಿದರು. ನಮ್ಮೂರಲ್ಲೂ 2025ರ ಏಪ್ರಿಲ್‌ನಿಂದ ಯೂನಿಟ್‌ಗೆ 36 ಪೈಸೆ ಪಿಂಚಣಿ ಮತ್ತು ಗ್ರಾಚ್ಯುಟಿ ಸರ್‌ಚಾರ್ಜ್ ಬಂತಲ್ಲ. ಹಳೆಯ ಹೊರೆ ಇಳಿಸಲು ಎಲ್ಲ ಸರ್ಕಾರಕ್ಕೂ ಮೊದಲು ಕಾಣುವುದು ಕರೆಂಟ್ ಬಿಲ್ಲೇ. ಆ ಪಿಂಚಣಿ ತಗೊಳ್ಳುವವರಲ್ಲಿ ನಾನೂ ಒಬ್ಬ, ಹಾಗಾಗಿ ಜೋರಾಗಿ ಬೈಯುವ ಹಾಗಿಲ್ಲ.

ಏವಾ ಬಗ್ಗೆ ಹೆದರಬೇಡಿ. 2002ರ ಎಬಿ 117 ಕಾನೂನಿನ ಪ್ರಕಾರ ಊರುಗಳು ಸೇರಿಕೊಂಡು ತಮ್ಮ ಜನಕ್ಕೆ ಕರೆಂಟ್ ಕೊಳ್ಳಬಹುದು. ಆ ಊರಿನಲ್ಲಿ ಇದ್ದವರೆಲ್ಲ ತಾನಾಗಿ ಸೇರುತ್ತಾರೆ. ಬೇಡ ಎಂದರೆ ಹೊರಗೆ ಬರಬಹುದು. ಕರೆಂಟ್ ಅವರದು, ತಂತಿ ಮತ್ತು ಮೀಟರ್ ಹಳೆಯ ಕಂಪನಿಯದು. ಎರಡು ಸಲ ಕಟ್ಟುತ್ತಿಲ್ಲ.

ಬೇಸ್ ಸರ್ವೀಸಸ್ ಚಾರ್ಜ್ ಬಗ್ಗೆ ಸಂಜೆ ಬರೆಯುತ್ತೇನೆ. ಮೊಮ್ಮಗನನ್ನು ಕರೆತರುವ ಹೊತ್ತಾಯಿತು.

ಸ್ಟುಡಿಯೋ_ಸೀನ

ಅಂಕಲ್ ಸಂಜೆ ಬರೆಯುವ ಮೊದಲು ನನ್ನ ಗೋಳು ಕೇಳಿ. ಓಕ್ಲೆಂಡ್‌ನಲ್ಲಿ ಒಂದೇ ರೂಮಿನ ಸ್ಟುಡಿಯೋ. ತಿಂಗಳಿಗೆ 190 ಯೂನಿಟ್. ಈ ಬೇಸ್ ಸರ್ವೀಸಸ್ ಚಾರ್ಜು, ಅಂದರೆ ಎಷ್ಟು ಉರಿಸಿದರೂ ಕಟ್ಟಬೇಕಾದ ಫಿಕ್ಸೆಡ್ ಚಾರ್ಜು, ತಿಂಗಳಿಗೆ 24 ಡಾಲರ್ ಚಿಲ್ಲರೆ, ಬಿಲ್‌ನಲ್ಲಿ ದಿನಕ್ಕೆ 79 ಸೆಂಟ್ ಎಂದು ಬರುತ್ತದೆ. ಅದಕ್ಕೆ ಬದಲಾಗಿ ಯೂನಿಟ್ ರೇಟು 5ರಿಂದ 7 ಸೆಂಟ್ ಇಳಿಸಿದರು. ಆರು ಸೆಂಟ್ ಅಂತಲೇ ಇಟ್ಟುಕೊಂಡರೂ ನನಗೆ ಉಳಿಯುವುದು 11 ಡಾಲರ್. ಅಂದರೆ ಸುಮ್ನೆ ಕೂತಿದ್ದಕ್ಕೆ ತಿಂಗಳಿಗೆ ಸುಮಾರು 13 ಡಾಲರ್ ಜಾಸ್ತಿ. ಆಥರ್ಟನ್‌ನ ಈಜುಕೊಳದ ಬಂಗಲೆಗೂ ನನಗೂ ಒಂದೇ ಚಾರ್ಜು! ಇದು ಯಾವ ನ್ಯಾಯ?

ಹಳೇ_ಕೆಇಬಿ

ಸೀನಪ್ಪ, ನಿಮ್ಮ ಲೆಕ್ಕ ಸರಿಯಾಗಿದೆ. ಸುಮಾರು 400 ಯೂನಿಟ್ ಗಡಿ. ಅದಕ್ಕಿಂತ ಕಡಿಮೆ ಉರಿಸುವವರಿಗೆ ನಷ್ಟ, ಜಾಸ್ತಿ ಉರಿಸುವವರಿಗೆ ಲಾಭ. ಮಲ್ಲಿಗೆಯಮ್ಮ ಸರಿಯಾಗಿ ಆ ಗಡಿಯಲ್ಲಿ ಇದ್ದಾರೆ, ಅವರ ಬಿಲ್ ಈ ಚಾರ್ಜಿಂದ ಏರಿದ್ದಲ್ಲ.

ಇದರ ಹಿಂದಿನ ಕಥೆ ಹೀಗಿದೆ. 2022ರ ಬಜೆಟ್ ಜೊತೆಯಲ್ಲೇ ಎಬಿ 205 ಎಂಬ ಉದ್ದನೆಯ ಮಸೂದೆ ಪಾಸಾಯಿತು. ಅದರ ನಡುವೆ ಎಲ್ಲೋ ಒಂದು ಕಡೆ, ಖಾಸಗಿ ಕಂಪನಿಗಳ ಗ್ರಾಹಕರಿಗೆ ಆದಾಯ ನೋಡಿ ಫಿಕ್ಸೆಡ್ ಚಾರ್ಜ್ ಹಾಕಬೇಕು ಎಂದಿತ್ತು. ಅಲ್ಲಿಯವರೆಗೆ ಫಿಕ್ಸೆಡ್ ಚಾರ್ಜ್‌ಗೆ 10 ಡಾಲರ್ ಮಿತಿ ಇತ್ತು, ಅದನ್ನು ತೆಗೆದರು. ಮರುವರ್ಷ ಕಂಪನಿಗಳು ತಮ್ಮ ಲೆಕ್ಕ ಕೊಟ್ಟವು. ವರ್ಷಕ್ಕೆ 1,80,000 ಡಾಲರ್ ಮೀರಿದ ಮನೆಗೆ ಸ್ಯಾನ್ ಡಿಯಾಗೋದವರು ತಿಂಗಳಿಗೆ 128 ಡಾಲರ್ ಕೇಳಿದರು, ನಮ್ಮ ಕಡೆಯವರು 92. ರಾಜ್ಯದಲ್ಲೆಲ್ಲ ಗಲಾಟೆ ಆಯಿತು. ಕರೆಂಟ್ ಕಂಪನಿಗೆ ನಮ್ಮ ಸಂಬಳ ಏಕೆ ಹೇಳಬೇಕು ಎಂದು ಜನ ಕೇಳಿದರು. ಕೊನೆಗೆ 2024ರ ಮೇ ತಿಂಗಳಲ್ಲಿ ಯುಟಿಲಿಟಿ ಕಮಿಷನ್, ಅಂದರೆ ನಮ್ಮ ಕೆಇಆರ್‌ಸಿಯ ಹಾಗೆ ಕರೆಂಟ್ ದರ ನಿಗದಿ ಮಾಡುವ ಇಲ್ಲಿಯ ಆಯೋಗ, ಈಗಿನ ತೀರ್ಪು ಕೊಟ್ಟಿತು. ಎಲ್ಲರಿಗೂ 24.15 ಡಾಲರ್. ಬಡವರಿಗಿರುವ ಕೇರ್ ರಿಯಾಯಿತಿಯಲ್ಲಿ ಇರುವವರಿಗೆ 6, ಅದಕ್ಕಿಂತ ಸ್ವಲ್ಪ ಹೆಚ್ಚು ಆದಾಯದವರಿಗಿರುವ ಫೆರಾ ರಿಯಾಯಿತಿಯವರಿಗೆ 12. ದಕ್ಷಿಣದ ಎರಡು ಕಂಪನಿಗಳಲ್ಲಿ 2025ರ ಕೊನೆಗೆ ಶುರುವಾಯಿತು, ಇಲ್ಲಿ 2026ರ ಮಾರ್ಚ್‌ನಲ್ಲಿ.

ನನ್ನ ಅಭಿಪ್ರಾಯ ಕೇಳಿದರೆ ಫಿಕ್ಸೆಡ್ ಚಾರ್ಜ್ ಇರಬೇಕು. ಕಂಬ, ತಂತಿ, ಟ್ರಾನ್ಸ್‌ಫಾರ್ಮರ್, ರಾತ್ರಿ ಎರಡು ಗಂಟೆಗೆ ಫ್ಯೂಸ್ ಹಾಕಲು ಬರುವ ಲೈನ್‌ಮನ್, ಯಾವುದರ ಖರ್ಚೂ ನೀವು ಉರಿಸುವ ಯೂನಿಟ್ ಮೇಲೆ ನಿಂತಿಲ್ಲ. ಎಲ್ಲವನ್ನೂ ಯೂನಿಟ್ ರೇಟಿಗೆ ತುಂಬಿದರೆ ಫ್ರೆಸ್ನೋದಲ್ಲಿ 105 ಡಿಗ್ರಿ ಫ್ಯಾರನ್‌ಹೀಟ್ ಬಿಸಿಲಿಗೆ ಎಸಿ ಹಾಕುವ ಬಡ ಕುಟುಂಬ ನಮ್ಮ ತಂಪಾದ ಕೊಲ್ಲಿ ತೀರದವರ ಪಾಲನ್ನೂ ಕಟ್ಟಬೇಕಾಗುತ್ತದೆ. ಆದರೆ ಅಳತೆ ತಪ್ಪಿದ್ದಾರೆ. ಕರ್ನಾಟಕದಲ್ಲಿ ಮಂಜೂರಾದ ಲೋಡ್ ನೋಡಿ ಹಾಕುತ್ತೇವೆ. 2025-26ರಲ್ಲಿ ಕಿಲೋವ್ಯಾಟ್‌ಗೆ 145 ರೂಪಾಯಿ. ಒಂದು ಕಿಲೋವ್ಯಾಟ್‌ನ ಮನೆಗೆ ಒಂದು ಪಾಲು, ಐದು ಕಿಲೋವ್ಯಾಟ್‌ನವರಿಗೆ ಐದು ಪಾಲು. ಸಂಬಳ ಕೇಳುವ ಗೊಡವೆಯೇ ಇಲ್ಲ. ಮೀಟರ್ ಬೋರ್ಡ್ ನೋಡಿದರೆ ಮುಗಿಯಿತು. ಇಲ್ಲಿ ಆ ದಾರಿ ಹಿಡಿದಿದ್ದರೆ ಸೀನನ ಸ್ಟುಡಿಯೋ ಮತ್ತು ಆಥರ್ಟನ್ ಬಂಗಲೆ ಒಂದೇ ಸಾಲಿನಲ್ಲಿ ನಿಲ್ಲುತ್ತಿರಲಿಲ್ಲ.

ಸ್ಯಾಕ್ರಮೆಂಟೊ_ಶೆಟ್ಟಿ

ನಮ್ಮ ಕಡೆ ಸ್ಮಡ್ ಅಂತ ಜನರದೇ ಸಂಸ್ಥೆ. ನಮಗೆ 20 ಡಾಲರ್‌ಗಿಂತ ಜಾಸ್ತಿ ಫಿಕ್ಸೆಡ್ ಚಾರ್ಜ್ ಎಷ್ಟೋ ವರ್ಷದಿಂದ ಇದೆ. ಯಾರೂ ಬಾಯಿ ಬಡಿದುಕೊಳ್ಳುವುದಿಲ್ಲ, ಏಕೆಂದರೆ ಯೂನಿಟ್ ರೇಟು ನಿಮ್ಮದರ ಅರ್ಧದಷ್ಟು.

ಫ್ರೀಮಾಂಟ್‌ನವರೂ ಹೀಗೆ ಮಾಡಬಾರದಾ ಎಂದು ಕೇಳಬೇಡಿ. ಇಲ್ಲಿ ಜನ ವೋಟು ಹಾಕಿದ್ದು 1923ರಲ್ಲಿ. ಕೋರ್ಟು ಕಚೇರಿ ಎಲ್ಲ ಮುಗಿದು ಕರೆಂಟ್ ಕೊಡಲು ಶುರು ಮಾಡಿದ್ದು 1946ರ ಡಿಸೆಂಬರ್ 31ಕ್ಕೆ. ಸ್ಯಾನ್ ಫ್ರಾನ್ಸಿಸ್ಕೋದವರು 2019ರಲ್ಲಿ ತಮ್ಮ ಊರಿನ ತಂತಿಗಳಿಗೆ 2.5 ಬಿಲಿಯನ್ ಡಾಲರ್ ಕೊಡುತ್ತೇವೆ ಎಂದರು, ಕಂಪನಿ ಒಲ್ಲೆ ಎಂದಿತು.

ದಾವಣಗೆರೆ_ಡಬ್ಲಿನ್

ಮಲ್ಲಿಗೆ ಅವರೇ, ನಿಮ್ಮ ಎದುರು ಮನೆಯವರ ಗುಂಪಿನಲ್ಲಿ ನಾನೂ ಇದ್ದೇನೆ. 2023ರ ಏಪ್ರಿಲ್ 14ರೊಳಗೆ ಅರ್ಜಿ ಹಾಕಿದವರಿಗೆ ಹಳೆಯ ನೆಟ್ ಮೀಟರಿಂಗ್. ಮಧ್ಯಾಹ್ನ ಒಂದು ಯೂನಿಟ್ ಕಳಿಸಿದರೆ ಹೆಚ್ಚುಕಮ್ಮಿ ಅದೇ ರಿಟೇಲ್ ಬೆಲೆ ಜಮಾ ಆಗುತ್ತದೆ. 20 ವರ್ಷದ ಮಾತು. 15ರಿಂದ ಅರ್ಜಿ ಹಾಕಿದವರಿಗೆ ಹೊಸ ಲೆಕ್ಕ. ಕಳಿಸಿದ ಯೂನಿಟ್‌ಗೆ ಸಿಗುವುದು ಮೊದಲಿಗಿಂತ ಸುಮಾರು ಶೇ. 75 ಕಡಿಮೆ. ಕಮಿಷನ್ ಇದನ್ನು ತೀರ್ಮಾನಿಸಿದ್ದು 2022ರ ಡಿಸೆಂಬರ್‌ನಲ್ಲಿ. ಆ ನಾಲ್ಕು ತಿಂಗಳು ಈ ಕಡೆ ಎಲ್ಲಾ ಬೀದಿಯಲ್ಲೂ ಏಣಿ ಕಂಡವು.

ನಮ್ಮಂಥವರಿಂದ ಬೇರೆಯವರ ಬಿಲ್ ಏರುತ್ತಿದೆ ಎನ್ನುತ್ತಾರೆ. ಕಮಿಷನ್ನಿನ ಗ್ರಾಹಕ ಪರ ವಿಭಾಗ 2024ಕ್ಕೆ 8.5 ಬಿಲಿಯನ್ ಡಾಲರ್ ಹೊರೆ ಎಂದು ಲೆಕ್ಕ ಹಾಕಿತು. ಸೋಲಾರ್ ಕಡೆಯವರು ಇದನ್ನು ಒಪ್ಪುವುದಿಲ್ಲ. ನನ್ನ ಸೂರಿನ ಮೇಲೆ ನಾನೇ ಮಾಡಿ ನಾನೇ ಬಳಸಿದ ಯೂನಿಟ್ಟೂ ಕಂಪನಿಗೆ ನಷ್ಟ ಎಂದು ಬರೆದರೆ ಹೇಗೆ? ಹಾಗಾದರೆ ಬಟ್ಟೆ ಹಗ್ಗದ ಮೇಲೆ ಒಣಗಿಸುವವರೂ ಬೇರೆಯವರಿಗೆ ಹೊರೆಯೇ.

ಹಳೆಯ ಲೆಕ್ಕದಲ್ಲಿ ಇರುವವರು ಯಾರಾದರೂ ಓದುತ್ತಿದ್ದರೆ ಒಂದು ಎಚ್ಚರಿಕೆ. ಎರಡು ಪ್ಯಾನೆಲ್ ಜಾಸ್ತಿ ಹಾಕಿಸೋಣ ಎಂದು ಕೈಹಾಕುವ ಮೊದಲು ಕೇಳಿಕೊಳ್ಳಿ. ಒಂದು ಕಿಲೋವ್ಯಾಟ್ ಅಥವಾ ಶೇ. 10, ಯಾವುದು ದೊಡ್ಡದೋ ಅದನ್ನು ಮೀರಿದರೆ ಹಳೆಯ ಲೆಕ್ಕ ಕೈಬಿಟ್ಟುಹೋಗಬಹುದು.

ಮಲ್ಲಿಗೆ_ಫ್ರೀಮಾಂಟ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹಳೇ ಕೆಇಬಿ ಸರ್, ನಿಮ್ಮ ಕೊಕ್ಕೆಯ ಕಥೆಯನ್ನು ನಮ್ಮ ಯಜಮಾನರಿಗೆ ಓದಿ ಹೇಳಿದೆ. ಅರ್ಧ ಒಪ್ಪಿದ್ದಾರೆ.

ಈಗ ಬೇರೆ ತಲೆನೋವು. ಸೋಲಾರ್ ಮಾರಲು ಬಂದವರು ಶನಿವಾರ ಇವರ ಕೈಲಿ ಟ್ಯಾಬ್ ಮೇಲೆ ಸಹಿ ಹಾಕಿಸಿಕೊಂಡಿದ್ದಾರೆ. ಸೂರಿನ ಅಳತೆಗೆ ಮಾತ್ರ ಎಂದರಂತೆ. ಈಗ ಇಮೇಲ್‌ನಲ್ಲಿ 31 ಪುಟದ ಒಪ್ಪಂದ ಬಂದಿದೆ. ಬ್ಯಾಟರಿ ಇಲ್ಲ. "ನಿಮ್ಮ ಎದುರು ಮನೆಯವರ ಹಾಗೆ ಬಿಲ್ ಸೊನ್ನೆ, ಫೆಡರಲ್ ತೆರಿಗೆಯಲ್ಲಿ ಶೇ. 30 ವಾಪಸ್" ಎಂದು ಹೇಳಿದ್ದರು. ಇವತ್ತು ಸೋಮವಾರ. ಏನು ಮಾಡಲಿ?

ಹಳೇ_ಕೆಇಬಿ

ಮೊದಲು ರದ್ದು ಮಾಡಿ, ಆಮೇಲೆ ಯೋಚನೆ ಮಾಡಿ. ಮನೆ ಬಾಗಿಲಲ್ಲಿ ಮಾಡಿಕೊಂಡ ಇಂಥ ಒಪ್ಪಂದವನ್ನು ಮೂರು ಕೆಲಸದ ದಿನದೊಳಗೆ ರದ್ದು ಮಾಡಲು ಈ ರಾಜ್ಯದ ಕಾನೂನಿನಲ್ಲಿ ಅವಕಾಶ ಇದೆ. ಕಾರಣ ಕೊಡಬೇಕಾಗಿಲ್ಲ. ಶನಿವಾರ ಸಹಿ ಎಂದರೆ ಬುಧವಾರ ಮಧ್ಯರಾತ್ರಿವರೆಗೆ ಸಮಯ. ಫೋನ್ ಮಾಡಿ ಹೇಳಿದರೆ ಸಾಲದು. ಒಪ್ಪಂದದ ಕೊನೆಯಲ್ಲಿ ರದ್ದತಿ ಫಾರಂ ಇರುತ್ತದೆ. ತುಂಬಿ ಇಮೇಲ್ ಮಾಡಿ, ಪೋಸ್ಟ್‌ನಲ್ಲೂ ಕಳಿಸಿ, ರಸೀದಿ ಇಟ್ಟುಕೊಳ್ಳಿ.

ಶೇ. 30ರ ಮಾತು ಹಳೆಯದು. ಮನೆಯವರು ಸ್ವಂತಕ್ಕೆ ಹಾಕಿಸುವ ಸೋಲಾರ್‌ಗಿದ್ದ ಫೆಡರಲ್ ಕ್ರೆಡಿಟ್ 2025ರ ಡಿಸೆಂಬರ್ 31ಕ್ಕೆ ಮುಗಿಯಿತು. ಲೀಸ್ ಆದರೆ ಕಂಪನಿಗೆ ಬೇರೆ ಕ್ರೆಡಿಟ್ ಇದೆ, ಆದರೆ ಅದು ಅವರಿಗೆ ಸೇರುವುದು, ನಿಮಗಲ್ಲ. ಎದುರು ಮನೆಯ ಲೆಕ್ಕವೂ ನಿಮಗೆ ಬರುವುದಿಲ್ಲ, ಡಬ್ಲಿನ್‌ನವರು ಹೇಳಿದರಲ್ಲ. ಫಿಕ್ಸೆಡ್ ಚಾರ್ಜ್ ಬಂದ ಮೇಲೆ ಸೊನ್ನೆ ಎಂಬುದೇ ಇಲ್ಲ, ಆ 24 ಡಾಲರ್ ಸೂರಿನ ತುಂಬ ಪ್ಯಾನೆಲ್ ಹಾಕಿದರೂ ಬರುತ್ತದೆ. ಯೂನಿಟ್ ರೇಟು ಇಳಿದಿದ್ದರಿಂದ ಹಾಕಿದ ದುಡ್ಡು ವಾಪಸಾಗಲು ಮೊದಲಿಗಿಂತ ಜಾಸ್ತಿ ವರ್ಷ ಬೇಕು. ಇದನ್ನು ಮಾರುವವರು ಯಾರೂ ಹೇಳುವುದಿಲ್ಲ.

ಸೋಲಾರ್ ಬೇಡವೇ ಬೇಡ ಎನ್ನುತ್ತಿಲ್ಲ. ಹೊಸ ಲೆಕ್ಕದಲ್ಲಿ ಹಗಲು ಮಾಡಿದ್ದನ್ನು ನೀವೇ ಬಳಸಿದರೆ ಮಾತ್ರ ಲಾಭ. ನೀವಿಬ್ಬರೂ ಹಗಲು ಆಫೀಸಿನಲ್ಲಿದ್ದರೆ ಬ್ಯಾಟರಿ ಇಲ್ಲದ ಸೋಲಾರ್ ದಂಡ. ಸಂಜೆ 4ರಿಂದ 9ರವರೆಗೆ ದುಬಾರಿ ರೇಟು, ಆಗ ಬಿಸಿಲು ಇಳಿದಿರುತ್ತದೆ. ಇನ್ನೊಬ್ಬರ ಹತ್ತಿರ ಕೊಟೇಶನ್ ಕೇಳಿದರೆ ಮೂರು ವಿಷಯ ಬರವಣಿಗೆಯಲ್ಲಿ ತಗೊಳ್ಳಿ. ಮಾಡಿದ ಯೂನಿಟ್‌ನಲ್ಲಿ ಮನೆಯಲ್ಲೇ ಎಷ್ಟು ಖರ್ಚಾಗುತ್ತದೆ, ಕಳಿಸಿದ್ದಕ್ಕೆ ಯಾವ ದರ ಹಿಡಿದಿದ್ದಾರೆ, ಲೀಸ್ ಆದರೆ ಕಂತು ವರ್ಷಕ್ಕೆ ಎಷ್ಟು ಏರುತ್ತದೆ. ಕಮಿಷನ್ನಿನವರು ಸೋಲಾರ್ ಗ್ರಾಹಕರಿಗೆಂದೇ ಒಂದು ಮಾರ್ಗದರ್ಶಿ ಮಾಡಿದ್ದಾರೆ. ಮಾರುವವರು ಅದನ್ನು ಕೊಟ್ಟು ಓದಿಸಿ ನಿಮ್ಮ ಸಹಿ ಪಡೆಯಬೇಕು. ನಿಮಗೆ ಕೊಟ್ಟಿದ್ದರಾ? ಕೊಟ್ಟಿರಲಾರರು.

65 ತುಂಬಿದವರು ಸಹಿ ಹಾಕಿದ್ದರೆ ರದ್ದು ಮಾಡಲು ಮೂರರ ಬದಲು ಐದು ಕೆಲಸದ ದಿನ ಸಿಗುತ್ತದೆ. ನಿಮ್ಮ ಯಜಮಾನರಿಗೆ ಅಷ್ಟು ವಯಸ್ಸಾಗಿರಲಾರದು, ಅದಕ್ಕೇ ಇವತ್ತೇ ಕಳಿಸಿ.

ಮಲ್ಲಿಗೆ_ಫ್ರೀಮಾಂಟ್

ಕಳಿಸಿದೆ ಸರ್. ಫಾರಂ 29ನೇ ಪುಟದಲ್ಲಿತ್ತು. ಮಾರ್ಗದರ್ಶಿ ಕೊಟ್ಟಿರಲಿಲ್ಲ, ಆದರೆ ಅದನ್ನು ಓದಿದ್ದೇನೆ ಎಂದು ಇವರ ಸಹಿ ಮಾತ್ರ ಇದೆ.